ಐದು ಗಡಿಯಾರ, ಒಂದು ವಿಮಾನ

“ಆ ಮನೆಯಲ್ಲಿ ಗಡಿಯಾರ ಐದಿವೆ, ಟೈಮು ಮಾತ್ರ ಯಜಮಾನತಿಯನ್ನೇ ಕೇಳಬೇಕು” ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚು, ಬಿಡಿ! ಮೂವತ್ತು ವರ್ಷ ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದವನು ನಾನು. ನನ್ನ ಹೆಂಡತಿ ಮೊದಲ ಸಲ ವಿಮಾನ ಹತ್ತುತ್ತಾಳೆಂದರೆ ಸಮಯದ ಉಸ್ತುವಾರಿ ಇನ್ಯಾರದ್ದು?

ಅವಳ ಅಕ್ಕ ಇರುವುದು ಕಡಲಾಚೆ, ಪಶ್ಚಿಮಕ್ಕೆ. ಇವಳು ಹೋಗಿಳಿದ ಮರುದಿನ ಬೆಳಿಗ್ಗೆಯೇ ಅವರಿಗೆ ಕಣ್ಣಿನ ಆಪರೇಷನ್. “ತಂಗಿ ಪಕ್ಕದಲ್ಲಿ ಇಲ್ದೆ ನಾನು ಆ ಟೇಬಲ್ ಹತ್ತೋಳಲ್ಲ” ಎಂದು ಹಟ ಹಿಡಿದು ಕೂತಿದ್ದರು. ಇದ್ದದ್ದು ಒಂದೇ ವಿಮಾನ.

ಹಿಂದಿನ ಸಂಜೆ ಗ್ಲೋಬಿನ ಮೇಲೆ ದಾರ ಎಳೆದು ಅಳೆದೆ. ಮೂರು ಸಾವಿರ ಕಿಲೋಮೀಟರ್, ನಾಲ್ಕು ಗಂಟೆ ಹಾರಾಟ!

“ಟಿಕೆಟ್ಟಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು ಮೂರೂವರೆಗೆ ಇಳಿಯುತ್ತೆ ಅಂತಿದೆಯಲ್ರೀ?” ಎಂದಳು.

“ಅದು ಅಲ್ಲಿನ ಮೂರೂವರೆ ಕಣೇ! ಅವರು ನಮಗಿಂತ ಎರಡೂವರೆ ಗಂಟೆ ಹಿಂದೆ. ತಾಳು, ನಿಂಗೆ ಈಗಿಂದ್ಲೇ ರೂಢಿಯಾಗ್ಲಿ.”

ಹಾಗೆಂದವನೇ ಐದೂ ಗಡಿಯಾರಗಳನ್ನು, ಸಾಲದ್ದಕ್ಕೆ ನನ್ನ ಕೈಗಡಿಯಾರವನ್ನೂ, ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿದೆ. ತಿರುಗಿಸಿ, ಮಲಗಿ, ನಿದ್ದೆಯಲ್ಲಿ ಮರೆತೂಬಿಟ್ಟೆ!

ಬೆಳಿಗ್ಗೆ ಬಾಗಿಲಲ್ಲಿ ಟ್ಯಾಕ್ಸಿ. ಗೋಡೆ ನೋಡಿದೆ, ಏಳೂವರೆ.

“ಹತ್ತಕ್ಕಲ್ವೇನಯ್ಯಾ ಬಾ ಅಂದಿದ್ದು?”

“ಹತ್ತಾಯ್ತಲ್ಲ ಸಾರ್,” ಎಂದು ಡ್ರೈವರ್ ಫೋನು ಮುಂದೆ ಹಿಡಿದ.

ನನಗೆ ಫೋನು ತೋರಿಸಿ ಟೈಮು ಹೇಳುವುದೇ! “ಗಡಿಯಾರದವನಿಗೇ ಗಂಟೆ ಕಲಿಸ್ತೀಯಾ? ಹೋಗಿ ಟೀ ಕುಡಿದು ಬಾ, ಹೋಗು!” ಎಂದು ಅಟ್ಟಿದೆ. ಒಳಕೋಣೆಯಲ್ಲಿ ಪೆಟ್ಟಿಗೆ ತುಂಬುತ್ತಿದ್ದವಳಿಗೆ ಕೇಳಿಸಿತೋ ಇಲ್ಲವೋ, ಸೀರೆ ಮಡಚುತ್ತಲೇ ಇದ್ದಳು. ನಾನು ಕಾಲು ಚಾಚಿ ಪೇಪರು ಬಿಡಿಸಿದೆ.

ಕಡಲಾಚೆಯಿಂದ ಅತ್ತಿಗೆಯ ಫೋನು ಬಂತು. “ಹೊರಟ್ಲೇನ್ರೀ ಅವಳು? ನಂಗೆ ರಾತ್ರಿಯೆಲ್ಲಾ ನಿದ್ದೇನೇ ಇಲ್ಲ. ಇಲ್ಲಾಗ್ಲೇ ಎಂಟೂವರೆ.”

“ಗಾಬರಿಯಾಗ್ಬೇಡಿ ಅತ್ತಿಗೆ, ಇಲ್ಲೂ ಎಂಟೂವ...”

ಅಲ್ಲಿ ಎಂಟೂವರೆ. ಇಲ್ಲೂ ಎಂಟೂವರೆ ಹೇಗಾದೀತು? ಮುಳ್ಳು ಹಿಂದಕ್ಕೆ ತಿರುಗಿಸಿದವನೇ ನಾನು! ಹನ್ನೊಂದು! ನಿಲ್ದಾಣಕ್ಕೆ ಒಂದು ಗಂಟೆಯ ದಾರಿ! ಬೀದಿಗೆ ಓಡಿದೆ. ಟ್ಯಾಕ್ಸಿಯ ಸುಳಿವಿಲ್ಲ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದು. ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕಾದ ಅತ್ತಿಗೆ ಒಬ್ಬರೇ ಕೂತಿರುವ ಚಿತ್ರ ಕಣ್ಣೆದುರು ಬಂದು ಅಳುವೇ ಬಂತು.

“ನನ್ನಿಂದ ಎಲ್ಲಾ ಹಾಳಾಯ್ತು ಕಣೇ! ಟ್ಯಾಕ್ಸಿ ಕಳಿಸ್ಬಿಟ್ಟೆ!”

ಹೆಂಡತಿ ಪೆಟ್ಟಿಗೆ ಉರುಳಿಸಿಕೊಂಡು ಸಾವಕಾಶವಾಗಿ ಹೊರಬಂದು ಕೈ ಬೀಸಿದಳು. ತಿರುವಿನ ಮರೆಯಿಂದ ಟ್ಯಾಕ್ಸಿ ಬಂತು!

“ಸಾರ್ ಹೋಗು ಅಂತಾರೆ, ಹೋಗ್ಬೇಡ ಅಂತ ಅಮ್ಮ ನಿನ್ನೆ ರಾತ್ರೀನೇ ಫೋನ್ ಮಾಡಿ ಹೇಳಿದ್ರು,” ಎಂದು ಡ್ರೈವರ್ ಹಲ್ಲು ಕಿರಿದ.

“ಹೊರಡ್ಬೇಕಿದ್ದಿದ್ದೇ ಹನ್ನೊಂದಕ್ಕೆ ಕಣ್ರೀ. ಹತ್ತು ಅಂತ ಹೇಳಿದ್ದು ನಾನು. ಅಕ್ಕನ ಊರಿಗೂ ನಮ್ಮೂರಿಗೂ ಎರಡೂವರೆ ಗಂಟೆ ವ್ಯತ್ಯಾಸ ಅಲ್ವಾ? ನಿಮಗೂ ಲೋಕಕ್ಕೂ ಒಂದು ಗಂಟೆ ಹಿಡ್ಕೊಂಡಿದ್ದೆ.”

ಟ್ಯಾಕ್ಸಿ ಹತ್ತಿದವಳು ಮತ್ತೆ ಇಳಿದು ಒಳಗೆ ಹೋದಳು. ಅಗಲಿಕೆಯ ಮಾತು ಹೇಳಲು ಬಂದಳೆಂದು ನಾನೂ ಹಿಂದೆಯೇ ಹೋಗಿ ಕಣ್ಣು ತೇವ ಮಾಡಿಕೊಂಡು ನಿಂತೆ. ಅವಳು ಸ್ಟೂಲು ಹತ್ತಿ ಐದೂ ಗಡಿಯಾರಗಳ ಸೆಲ್ಲುಗಳನ್ನು ಕಿತ್ತು ಪರ್ಸಿಗೆ ಹಾಕಿಕೊಂಡಳು.

“ನಾನು ಬರೋವರೆಗೂ ಟೈಮು ಬೇಕಾದ್ರೆ ಪಕ್ಕದ ಮನೆಯವರನ್ನ ಕೇಳಿ” ಎಂದು ಹೊರಟೇಹೋದಳು.