ಸಂಜೆಬೆಳಕು ಸಂಘದ ಕಾರಿನ ಮರುಮಾರಾಟ ಮೌಲ್ಯ

ಬಸವೇಶ್ವರನಗರದ ಸಂಜೆಬೆಳಕು ಹಿರಿಯ ನಾಗರಿಕರ ಸಂಘವು ಕಾರು ಕೊಂಡದ್ದು ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕಾಗಿ ಎಂಬುದರಲ್ಲಿ ಯಾರಿಗೂ ಸಂಶಯ ಇರಕೂಡದು. ಸಂಘದ ಜಂಟಿ ಕಾರ್ಯದರ್ಶಿಯಾಗಿ ನಾನು, ವಿಶ್ವಾರಾಧ್ಯ, ಇದನ್ನು ಖಚಿತಪಡಿಸುತ್ತೇನೆ. ಆ ಕಾರಿನಲ್ಲಿ ಈವರೆಗೆ ಒಬ್ಬ ಕಾಯಿಲೆಯವರೂ ಕೂತಿಲ್ಲ ಎಂಬುದೂ ಅಷ್ಟೇ ಖಚಿತ. ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲವೆಂದು ಪಕ್ಕದ ರಸ್ತೆಯ ಕೆಲವರು ಆಡಿಕೊಳ್ಳುತ್ತಿದ್ದಾರೆ. ಕೆಲಸವಿಲ್ಲದವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಇಲ್ಲಿ ತಿಳಿಸಲಾಗಿದೆ.

ವಿಷಯ ಎದ್ದದ್ದು ನೀಲಗಂಗಮ್ಮನವರಿಂದ. ಅವರು ನಿವೃತ್ತ ಶಾಲಾ ಶಿಕ್ಷಕಿ, ಮೇಲಿನ ಪೋರ್ಷನ್ ಬಾಡಿಗೆಗೆ ಕೊಟ್ಟು ಕೆಳಗಡೆ ಒಬ್ಬರೇ ಇದ್ದಾರೆ. ಮೂತ್ರಪಿಂಡ ಕೈಕೊಟ್ಟಿದೆ. ವಾರಕ್ಕೆರಡು ಸಲ ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್. ಹೋಗುವಾಗ ಆಟೋ ಸಿಗುತ್ತದೆ. ಮುಗಿಸಿ ತಲೆ ತಿರುಗುತ್ತಾ ಹೊರಗೆ ಬಂದಾಗ, ಅವರ ಮುಖ ನೋಡಿದ ಆಟೋದವರು "ಆ ಕಡೆ ಬರಲ್ಲಮ್ಮ" ಎಂದು ಹೋಗಿಬಿಡುತ್ತಾರೆ. ಒಂದು ದಿನ ಅವರು ಔಷಧಿ ಅಂಗಡಿಯ ಮೆಟ್ಟಿಲ ಮೇಲೆಯೇ ಕುಸಿದು ಕೂತಿದ್ದರೆಂದು ತಿಳಿದು ಸಂಘದ ಕರುಳು ಚುರುಕ್ ಎಂದಿತು.

ಅಧ್ಯಕ್ಷರಾದ ಸಿದ್ದಬಸಪ್ಪನವರು ಸರ್ಕಾರಿ ಇಲಾಖೆಯೊಂದರಲ್ಲಿ ಜೀವಮಾನವಿಡೀ ಖರೀದಿ ಸಮಿತಿಯಲ್ಲಿದ್ದು ನಿವೃತ್ತರಾದವರು. "ಒಂದು ಕಾರು ತಗೊಂಡೇಬಿಡೋಣ. ಎಲ್ರೂ ಪಾಲು ಹಾಕಿ, ಮಾರಿದಾಗ ಎಲ್ರಿಗೂ ಪಾಲು ವಾಪಸ್ಸು" ಎಂದರು. ಮೊದಲ ಪಾಲು ಹಾಕಿದವರು ನೀಲಗಂಗಮ್ಮನವರೇ.

ತಾಂತ್ರಿಕ ಸಲಹೆಗಾರನಾಗಿ ಗಿರಿರಾಜ್‌ನನ್ನು ನೇಮಿಸಲಾಯಿತು. ಅವನು ಹಿರಿಯ ನಾಗರಿಕನಲ್ಲ. ಅವನ ತಾಯಿ ನಮ್ಮ ಸದಸ್ಯೆ. ಅವನಿಗೆ ಸ್ವಂತ ಕಾರೂ ಇಲ್ಲ, ಸ್ಕೂಟರಿನಲ್ಲಿ ಓಡಾಡುತ್ತಾನೆ. ಆದರೆ ಕಾರುಗಳ ಬಗ್ಗೆ ಬಂದ ವಿಡಿಯೋಗಳಲ್ಲಿ ಅವನು ನೋಡದೆ ಬಿಟ್ಟದ್ದು ಒಂದೂ ಇಲ್ಲ. ಸಣ್ಣ ಎಸ್‌ಯುವಿಯೇ ಆಗಬೇಕೆಂದು ಅವನು ಅಭಿಪ್ರಾಯಪಟ್ಟ. ನೋಡಲು ಜೀಪಿನಷ್ಟು ಗತ್ತು, ನಿಲ್ಲಿಸಲು ನಮ್ಮ ಕ್ರಾಸ್ ರಸ್ತೆಗಳಲ್ಲಿರುವಷ್ಟು ಜಾಗ ಸಾಕು.

ಮೈಸೂರು ರಸ್ತೆಯ ಶೋರೂಮಿನಲ್ಲಿ ಚೇತನಾ ಎಂಬ ಹುಡುಗಿ ನಮಗೆ ಕಾಫಿ ಕೊಟ್ಟು, "ಆಂಟಿ, ನಿಮಗೇನೇನು ಬೇಕು ಹೇಳಿ" ಎಂದು ನೀಲಗಂಗಮ್ಮನವರನ್ನೇ ಕೇಳಿದಳು. ಇದು ಕ್ರಮವಲ್ಲ, ಅಧ್ಯಕ್ಷರು ಪಕ್ಕದಲ್ಲೇ ಇದ್ದರು.

"ಹತ್ತೋಕೆ ಒಂದು ಮೆಟ್ಟಿಲು, ಹಿಡ್ಕೊಳ್ಳೋಕೆ ಒಂದು ಹಿಡಿ, ಸ್ವಲ್ಪ ತಣ್ಣಗಿರ್ಬೇಕು. ಅಷ್ಟೇ ಕಣಮ್ಮ."

"ಹಾಗಾದ್ರೆ ಬೇಸ್ ಮಾಡೆಲ್ ಸಾಕು ಆಂಟಿ. ಏಸಿ, ಹಿಡಿ ಎಲ್ಲಾ ಅದ್ರಲ್ಲೇ ಬರತ್ತೆ. ಮೆಟ್ಟಿಲು ಬೇರೆ ಹಾಕಿಸ್ಕೊಡ್ತೀವಿ."

ಗಿರಿರಾಜ್ ನಕ್ಕ. "ಬೇಸ್ ತಗೊಂಡ್ರೆ ಸೆಕೆಂಡ್ಸ್‌ನಲ್ಲಿ ನಾಯಿನೂ ಮೂಸಲ್ಲ ಆಂಟಿ. ಸನ್‌ರೂಫ್ ಇರ್ಬೇಕು. ಟಾಪ್ ಎಂಡ್. ಬಿಳೀ ಬಣ್ಣ."

"ಡಯಾಲಿಸಿಸ್‌ಗೆ ಹೋಗೋಳು ತಲೆ ಆಚೆ ಹಾಕ್ಕೊಂಡು ಹೋಗ್ಲೇನಪ್ಪ?"

"ನಿಮಗಲ್ಲ ಆಂಟಿ. ಮುಂದೆ ತಗೊಳ್ಳೋರಿಗೆ."

ಈ ಮಾತಿನ ದೂರದೃಷ್ಟಿಗೆ ಅಧ್ಯಕ್ಷರು ತಲೆದೂಗಿದರು. ಕೊಂಡ ಮೇಲೆ ಒಂದು ದಿನ ಮಾರಲೇಬೇಕು, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಟಾಪ್ ಎಂಡೇ ನಿಶ್ಚಯವಾಯಿತು. ಸನ್‌ರೂಫ್, ಗಾಳಿಯಾಡುವ ಸೀಟು, ನಾಲ್ಕೂ ದಿಕ್ಕಿಗೆ ಕ್ಯಾಮೆರಾ, ಬಾಗಿಲ ಸಂದಿಯಲ್ಲಿ ಬಣ್ಣಬಣ್ಣದ ದೀಪ. ಮೆಟ್ಟಿಲನ್ನು ಮಾತ್ರ ಕೈಬಿಡಲಾಯಿತು. ಮೆಟ್ಟಿಲು ಹಾಕಿಸಿದರೆ ಮುದುಕರ ಗಾಡಿ ಎಂದು ಗೊತ್ತಾಗಿಬಿಡುತ್ತದೆಂದು ಗಿರಿರಾಜ್ ಎಚ್ಚರಿಸಿದ.

ಕಾರು ಬಂದು, ನಿಂಬೆಹಣ್ಣಿನ ಮೇಲೆ ಹತ್ತಿಳಿದ ದಿನವೇ ವಿಜಯನಗರದ ಹಳೇ ಕಾರಿನ ವ್ಯಾಪಾರಿ ವೆಂಕಟಸ್ವಾಮಿಯವರನ್ನು ಬೆಲೆ ಕಟ್ಟಲು ಕರೆಸಲಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಯಾರೋ ಗೊಣಗಿದರು. ಕೊಂಡ ದಿನವೇ ಮಾರುವ ಬೆಲೆ ತಿಳಿದಿರುವುದು ಉತ್ತಮ ಆಡಳಿತದ ಲಕ್ಷಣವೆಂಬುದು ಅಂಥವರಿಗೆ ಗೊತ್ತಿರುವುದಿಲ್ಲ.

ವೆಂಕಟಸ್ವಾಮಿಯವರು ಕಾರಿಗೆ ಒಂದು ಸುತ್ತು ಬಂದು, ಬಾನೆಟ್ ತಟ್ಟಿ, ಒಳಗೆ ಮೂಗು ಹಾಕಿ ಮೂಸಿದರು. "ಏನ್ ಯೂಸ್‌ಗೆ ಸಾರ್ ಇದು?"

"ಕಾಯಿಲೆಯವ್ರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ" ಎಂದೆ.

"ಅಯ್ಯೋ, ರೇಟ್ ಮರ್ತ್‌ಬಿಡಿ ಸಾರ್! ಪೇಷೆಂಟ್ ಕೂತಿದ್ ಗಾಡಿ ಯಾರ್ ಮುಟ್ತಾರೆ? ಯಾರಾದ್ರೂ ಒಳಗೇ ಪ್ರಾಣ ಬಿಟ್ರಂತೂ ಗುಜರಿಗೇ ಹಾಕ್ಬೇಕು."

ಅಧ್ಯಕ್ಷರ ಮುಖ ಸಣ್ಣದಾಯಿತು. "ಮತ್ತೆ ಯಾರು ಕೂತ್ರೆ ರೇಟ್ ಬರತ್ತೆ?"

"ಡಾಕ್ಟರ್ ಓಡ್ಸಿದ್ದು ಅಂದ್ರೆ ಜನ ಕಣ್ಮುಚ್ಕೊಂಡು ತಗೋತಾರೆ. ಲೇಡೀಸ್ ಓಡ್ಸಿದ್ದು ಅಂದ್ರೂ ಸರಿ. ಲೇಡಿ ಡಾಕ್ಟರ್ ಓಡ್ಸಿದ್ದು ಅಂತ ಇದ್ರೆ ಸಾರ್, ನಾವ್ ಹೇಳಿದ್ದೇ ರೇಟು."

ಅಂದು ಸಂಜೆಯೇ ತುರ್ತು ಸಭೆ ಸೇರಿ, ಸಂಘದ ಬಾಗಿಲಿಗೆ ಈ ಪ್ರಕಟಣೆ ಅಂಟಿಸಲಾಯಿತು: "ಸಂಘದ ಕಾರು ಸದಸ್ಯರೆಲ್ಲರ ಆಸ್ತಿ. ಅದರ ಮರುಮಾರಾಟ ಮೌಲ್ಯವನ್ನು ಕಾಪಾಡುವುದು ಪ್ರತಿಯೊಬ್ಬರ ಕರ್ತವ್ಯ. ಸಂಪೂರ್ಣ ಆರೋಗ್ಯವಂತರೆಂದು ವೈದ್ಯರಿಂದ ದೃಢಪಟ್ಟವರು ಮಾತ್ರ ಆಸ್ಪತ್ರೆಗೆ ಹೋಗಲು ಕಾರನ್ನು ಬಳಸಬಹುದು. ಕಾರಿನೊಳಗೆ ಕೆಮ್ಮುವುದು, ನರಳುವುದು ಮತ್ತು ನಿಟ್ಟುಸಿರು ಬಿಡುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ."

ನೀಲಗಂಗಮ್ಮನವರು ಪ್ರಕಟಣೆಯನ್ನು ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. "ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅನ್ನೋ ಹಾಗಾಯ್ತಲ್ಲಪ್ಪ. ನನ್ನ ಸರದಿ ಯಾವಾಗ ಹಾಗಾದ್ರೆ?"

"ನಿಮಗೆ ಗುಣ ಆದ ತಕ್ಷಣ. ಮೊದಲನೇ ಸವಾರಿ ನಿಮ್ಮದೇ" ಎಂದರು ಅಧ್ಯಕ್ಷರು.

"ಗುಣ ಆದ್ಮೇಲೆ ನಾನ್ಯಾಕ್ರೀ ಆಸ್ಪತ್ರೆಗೆ ಹೋಗ್ಲಿ?"

"ಅದೇ ನೋಡಿ, ಕಾರೂ ಸವೆಯಲ್ಲ."

ಇನ್ನು ಉಳಿದದ್ದು ಲೇಡಿ ಡಾಕ್ಟರ್. ನಮ್ಮ ಬಡಾವಣೆಯಲ್ಲಿ ಪುಟ್ಟ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಸೌಮ್ಯಶ್ರೀ ಸ್ಕೂಟಿಯಲ್ಲಿ ಓಡಾಡುವವರು. ಬೆಳಿಗ್ಗೆ ರಾಜಾಜಿನಗರದ ಅದೇ ಆಸ್ಪತ್ರೆಯಲ್ಲೂ ಅವರಿಗೆ ಕೆಲಸ. ನಿಯೋಗ ಹೋಗಿ ಹಾರ ಹಾಕಿ, ದಿನಾ ನಮ್ಮ ಕಾರಿನಲ್ಲೇ ಹೋಗಿಬರಬೇಕೆಂದು ಪ್ರಾರ್ಥಿಸಿತು.

"ನನಗೆ ಕಾರ್ ಓಡ್ಸೋಕೇ ಬರಲ್ಲ ಅಂಕಲ್. ನೀಲಗಂಗಮ್ಮ ಆಂಟಿನ ಕರ್ಕೊಂಡು ಹೋಗಿ."

ಅವರಿಗೆ ಸಂಘದ ಖರ್ಚಿನಲ್ಲೇ ಡ್ರೈವಿಂಗ್ ಸ್ಕೂಲಿನ ಹಳೇ ಕಾರಿನಲ್ಲಿ ಕಲಿಸಲಾಯಿತು. ಕಲಿಯುವವರ ಕೈಗೆ ನಮ್ಮ ಕಾರು ಕೊಡುವಷ್ಟು ನಾವು ದಡ್ಡರಲ್ಲ. ಇದಕ್ಕೆಲ್ಲ ಡಾಕ್ಟರು ಒಪ್ಪಿದ್ದು, ಒಪ್ಪದಿದ್ದರೆ ನಿಯೋಗ ಕ್ಲಿನಿಕ್ಕಿನಿಂದ ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ. ಜೊತೆಗೆ ಮೇಲ್ವಿಚಾರಣೆಗೆ ಪ್ರತಿದಿನ ಒಬ್ಬ ಪದಾಧಿಕಾರಿ ಹಿಂದಿನ ಸೀಟಿನಲ್ಲಿ ಕೂರಬೇಕೆಂದು ನಿಯಮವಾಯಿತು. ನನಗೆ ಬಿಪಿ ಇದೆ. ಆದರೆ ಸಭೆ ಅದನ್ನು ಕಾಯಿಲೆಯೆಂದು ಪರಿಗಣಿಸಲಿಲ್ಲ.

ನೀಲಗಂಗಮ್ಮನವರು ಹಿಂದಿನಂತೆ ಆಟೋದಲ್ಲಿ ಹೋಗುತ್ತಾ ಉಳಿದರು. ವೆಂಕಟಸ್ವಾಮಿಯವರು ಹೇಳುವ ಬೆಲೆ ಮಾತ್ರ ಇಳಿಯಲಿಲ್ಲ. ಸಂಘಕ್ಕೆ ಅಂಥ ನೆಮ್ಮದಿಯ ದಿನಗಳು ಹಿಂದೆಂದೂ ಬಂದಿರಲಿಲ್ಲ.

ಹೀಗಿರುವಾಗ ಕಳೆದ ವಾರ ನನ್ನ ಪಾಳಿಯಲ್ಲಿ ಒಂದು ಘಟನೆ ನಡೆಯಿತು. ಹಾವನೂರು ಸರ್ಕಲ್ ದಾಟಿದ ಮೇಲೆ ಒಂದು ಆಟೋ ಗ್ಯಾಸ್ ಮುಗಿದು ನಿಂತಿತ್ತು. ಪಕ್ಕದಲ್ಲಿ, ಫುಟ್‌ಪಾತಿನ ಅಂಚಿನಲ್ಲಿ, ಊದಿದ ಕಾಲು ಚಾಚಿಕೊಂಡು ನೀಲಗಂಗಮ್ಮನವರು ಕೂತಿದ್ದರು. ಡಾಕ್ಟರು ಗಕ್ಕನೆ ಬ್ರೇಕ್ ಹಾಕಿದರು. ಬ್ರೇಕ್ ಪ್ಯಾಡಿಗೆ ಇದು ಒಳ್ಳೆಯದಲ್ಲ.

"ಆಂಟಿ, ಹತ್ತಿ! ಟೈಮಾಗೋಯ್ತು, ನಿಮ್ ಬೆಡ್ ಬೇರೆಯವ್ರಿಗೆ ಕೊಟ್‌ಬಿಡ್ತಾರೆ."

ನಾನು ನನ್ನ ಆಕ್ಷೇಪಣೆಯನ್ನು ವಿನಯದಿಂದ ಮಂಡಿಸಿದೆ.

"ಅಂಕಲ್, ನೀವು ಸುಮ್ನಿರ್ತೀರಾ?" ಎಂದವರೇ ಇಳಿದು ಹೋಗಿ, ನೀಲಗಂಗಮ್ಮನವರ ತೋಳು ಹಿಡಿದೆಬ್ಬಿಸಿ ಕರೆತಂದರು. ಓದಿದವರಿಗೇ ನಿಯಮದ ಬಗ್ಗೆ ಇಷ್ಟು ತಾತ್ಸಾರವಿದ್ದರೆ ಏನು ಹೇಳೋಣ.

ನೀಲಗಂಗಮ್ಮನವರು ಬಾಗಿಲ ಹಿಡಿಗೆ ಕೈ ಹಾಕಿದರು. ಇನ್ನೂ ಪ್ಲಾಸ್ಟಿಕ್ ತೆಗೆಯದ ಸೀಟನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಿಂದಿನ ಸೀಟಿನ ಕಡೆ ತಿರುಗಿ, "ವಿಶ್ವಾರಾಧ್ಯನೋರೇ, ಈಗ ಮಾರಿದ್ರೆ ನಾನು ಹಾಕಿದ ದುಡ್ಡು ಬರತ್ತಾ?" ಎಂದರು.

"ಪೂರ್ತಿ ಬರತ್ತೆ ಅಮ್ಮ. ಇದುವರೆಗೆ ಕಾಯಿಲೆಯವ್ರು ಯಾರೂ ಕೂತಿಲ್ವಲ್ಲ."

"ನಾನು ಕೂತ್ರೆ?"

ನಾನು ಸತ್ಯವನ್ನೇ ಹೇಳಿದೆ.

ಅವರು ಕೈ ತೆಗೆದರು. ಹಿಡಿಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿದರು. "ನೀನು ಹೋಗಮ್ಮ, ನಿಂಗೂ ಹೊತ್ತಾಗತ್ತೆ" ಎಂದು ಡಾಕ್ಟರಿಗೆ ಹೇಳಿದರು. "ಮಾರೋ ತನಕ ಹಾಗೇ ಇರ್ಲಿ. ಆ ದುಡ್ಡು ಬಂದ್ರೆ ನಂಗೆ ಆಟೋಗಾಗತ್ತೆ."

ಡಾಕ್ಟರು ಮತ್ತೆ ಅವರ ತೋಳು ಹಿಡಿದರು, ಅವರು ಬಿಡಿಸಿಕೊಂಡರು. ಅಷ್ಟರಲ್ಲಿ ಹಿಂದಿನ ಬಿಎಂಟಿಸಿ ಬಸ್ಸು ಹಾರನ್ ಹೊಡೆಯತೊಡಗಿತು, ಡಾಕ್ಟರು ಸ್ಟಿಯರಿಂಗಿಗೆ ಮರಳಿದರು, ನಾವು ಹೊರಟೆವು. ಅಂದು ಸಂಜೆ ಸಭೆಯಲ್ಲಿ ನಾನು ವಿಷಯ ತಿಳಿಸಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ನೀಲಗಂಗಮ್ಮನವರಿಗೆ ಸಭೆಗೆ ಬರಲಾಗಲಿಲ್ಲ. ಅವರ ಬೆಡ್ಡನ್ನು ಬೇರೆಯವರಿಗೆ ಕೊಟ್ಟಿದ್ದರಿಂದ ಅವರು ಇನ್ನೂ ಆಸ್ಪತ್ರೆಯಲ್ಲಿ ಕಾಯುತ್ತಿದ್ದರು. ಬೆಲೆ ನೋಡಲು ಕರೆಸಿದ್ದ ವೆಂಕಟಸ್ವಾಮಿಯವರು ಟಾರ್ಚ್ ಹಾಕಿ ಬಾಗಿಲ ಹಿಡಿಯನ್ನು ಪರಿಶೀಲಿಸಿ, ಯಾರೂ ಮುಟ್ಟಿದ ಗುರುತಿಲ್ಲವೆಂದು ಸಭೆಗೆ ತಿಳಿಸಿದರು.