ಮಧ್ಯಾಹ್ನದ ನಿದ್ದೆಗೊಬ್ಬ ಕಥೆಗಾರ

ಖಾನಾಪುರದ ಶಿಶುವಿಹಾರದಲ್ಲಿ ಪುಟ್ಟ ಶೀತಲ ಎಲ್ಲದಕ್ಕೂ ಒಗ್ಗಿಕೊಂಡಿದ್ದಳು, ಮಧ್ಯಾಹ್ನದ ನಿದ್ದೆಯೊಂದನ್ನು ಬಿಟ್ಟು. ಊಟ ಮುಗಿಸಿ ಉಳಿದ ಮಕ್ಕಳು ಚಾಪೆಗೆ ಬಿದ್ದರೆ ಇವಳು ಎದ್ದು ಕೂತು ರಾಗ ತೆಗೆಯುತ್ತಿದ್ದಳು. ಉಳಿದವರೂ ಒಬ್ಬೊಬ್ಬರಾಗಿ ದನಿಗೂಡಿಸುತ್ತಿದ್ದರು. ಕಡೆಗೆ ಅನುರಾಧಾ ಟೀಚರು ತಂದೆ-ತಾಯಿಯನ್ನು ಕರೆಸಿದರು.

"ಕೂಸಿಗೆ ಮನಿ, ಸಾಲಿ ಎರಡೂ ಒಂದ ಅನ್ನಿಸಬೇಕ್ರಿ. ಮನ್ಯಾಗ ಆಕಿ ಏನಿದ್ರ ಮಲಗ್ತಾಳ, ಅದನ್ನ ಇಲ್ಲಿಗೆ ತರ್ರಿ."

"ಅಜ್ಜಿ ಹೊಲಿದ ಕೌದಿ ಕಳಸ್ತೇನ್ರಿ," ಎಂದಳು ತಾಯಿ ನೀಲಾ.

ತಂದೆ ಸೋಮಲಿಂಗನಿಗೆ ಅವಮಾನವಾಯಿತು. ದಿನಾ ಮಗಳ ಬಾಜು ಮಲಗಿ ಕಥೆ ಹೇಳುವವನು ಯಾರು? ಕಥೆ ಅರ್ಧಕ್ಕೆ ಬರುವುದರೊಳಗೆ ಅವಳಿಗೆ ನಿದ್ದೆ ಹತ್ತುತ್ತದೆಂಬುದು ಅವನ ದೃಢ ನಂಬಿಕೆ. (ಉಳಿದರ್ಧ ಹೇಳಿದ್ದು ಅವನಿಗೂ ನೆನಪಿರುತ್ತಿರಲಿಲ್ಲ, ಅದೇಕೆಂದು ಯೋಚಿಸುವ ಗೋಜಿಗೆ ಅವನು ಹೋಗಿರಲಿಲ್ಲ.)

"ಕೌದಿ ಏನ್ ಕಥಿ ಹೇಳತೈತೇನು? ನಾನ ಬರ್ತೇನ್ರಿ ಟೀಚರ್!"

"ಹಾಲು ತರ್ರಿ ಅಂದ್ರ ಟೈಮಿಲ್ಲ ಅಂತೀರಿ," ನೀಲಾ ಚುಚ್ಚಿದಳು.

"ಇದು ಹಾಲಲ್ಲ, ಕಲಾ!"

ಬೆಳಗಾವಿಯ ಕಚೇರಿಗೆ ಅರ್ಧ ದಿನದ ರಜೆ ಹಾಕಿದ. ಹಿಂದಿನ ದಿನ ಊರಿಗೆ ಮರಳುವ ರೈಲಿನಲ್ಲಿ ದೇಸೂರು ಸ್ಟೇಶನ್ನು ಬರುವವರೆಗೂ ಆನೆ-ಇರುವೆಯ ಕಥೆಯನ್ನು ಅಭಿನಯಸಹಿತ ತಾಲೀಮು ಮಾಡಿದ. ಎದುರಿಗೆ ಕೂತವರು ಎದ್ದು ಬೇರೆ ಡಬ್ಬಿಗೆ ಹೋದರು. (ಭಾವೋದ್ವೇಗ ತಡೆಯಲಾರದೆ, ಎಂದುಕೊಂಡ.)

ಮರುದಿನ ಮಧ್ಯಾಹ್ನ ಕಥಾಶಿರೋಮಣಿ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಮಕ್ಕಳ ನಡುವೆ ವಿರಾಜಮಾನನಾದ. ಆನೆ ಘೀಳಿಟ್ಟಿತು. ಮಲಗಿದ್ದ ಮಕ್ಕಳೆಲ್ಲ ದಡಬಡಿಸಿ ಎದ್ದರು. ಒಬ್ಬಳು ಅಂಜಿ ಅತ್ತಳು. ಮರಾಠಿ ಮನೆಯ ಹುಡುಗನೊಬ್ಬ, "ಕಾಕಾ, ಪುನ್ಹಾ! ಪುನ್ಹಾ!" ಎಂದು ಮತ್ತೊಮ್ಮೆ ಘೀಳಿಡಲು ಗಂಟುಬಿದ್ದ. ಶೀತಲ ಮಾತ್ರ ಮುಖ ಸಿಂಡರಿಸಿ ಬಂದು ಅಪ್ಪನ ಬಾಯಿಗೆ ಕೈ ಅಡ್ಡ ಹಿಡಿದಳು.

"ಕಥಿ ಬ್ಯಾಡಪ್ಪಾ. ಗೊರಕಿ ಹೊಡಿ."

"ಏನು?"

"ನೀ ದಿನಾ ಕಥಿ ಹೇಳಕೋತ ಮಲಗ್ತಿ. ಆಮ್ಯಾಲ ಗೊರಕಿ ಹೊಡಿತಿ. ಆವಾಗ ನನಗ ನಿದ್ದಿ ಬರತೈತಿ."

ಟೀಚರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆದರೂ, "ಒಂದೀಟು ಮಲಗ್ರಿ ಸರ್, ಕೂಸಿನ ಸಲುವಾಗಿ," ಎಂದರು.

ಮಗಳ ತುಟಿ ಆಗಲೇ ನಡುಗತೊಡಗಿತ್ತು. ಸೋಮಲಿಂಗ ಜುಬ್ಬಾದ ಇಸ್ತ್ರಿಯನ್ನೂ ಲೆಕ್ಕಿಸದೆ ಆ ಗೇಣುದ್ದದ ಚಾಪೆಯ ಮೇಲೆ ಒರಗಿದ. ಮೊಣಕಾಲಿನಿಂದಾಚೆಯದೆಲ್ಲ ನೆಲದ ಪಾಲಾಯಿತು. ಸುಮ್ಮನೆ ನಟಿಸಿದರಾಯಿತೆಂದು ಕಣ್ಣು ಮುಚ್ಚಿದ. ಶೀತಲ ಅವನ ತೋಳಿಗೆ ತಲೆ ಇಟ್ಟಳು. ಆ ಪುಟ್ಟ ತಲೆಯ ಭಾರ ಎಷ್ಟು ಹಿತವಾಗಿತ್ತೆಂದರೆ...

ಕಣ್ಣು ಬಿಟ್ಟಾಗ ಚಾಪೆಗಳನ್ನೆಲ್ಲ ಸುತ್ತಿಟ್ಟಿದ್ದರು. ಉಳಿದ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಬಾಗಿಲಲ್ಲಿ ಮಗಳ ಕೈ ಹಿಡಿದು ನೀಲಾ ನಿಂತಿದ್ದಳು.

"ಶೀತಲ ಭಾಳ ಚೊಲೋ ಮಲಗಿದ್ಲ್ರಿ," ಟೀಚರು ಅವಳಿಗೆ ವರದಿ ಒಪ್ಪಿಸುತ್ತಿದ್ದರು. "ಒಮ್ಮೆ ಕರದ ಕೂಡ್ಲೆ ಎದ್ಲು. ಇವರ್ನ ಎಬ್ಬಸಾಕ ಮಾತ್ರ ಭಾಳ ತ್ರಾಸಾತು. ಕಡೀಕ ಬಿಟ್ಟಬಿಟ್ವಿ."

ಸೋಮಲಿಂಗ ಗಂಭೀರವಾಗಿ ಜುಬ್ಬಾ ಕೊಡವಿಕೊಂಡು ಎದ್ದ. "ಹಂಗಾರ ನಾಳೆನೂ ಬರ್ತೇನ್ರಿ. ಮಕ್ಕಳ ಶಿಕ್ಷಣದಾಗ ತಂದಿ ಪಾತ್ರ ಅಂದ್ರ..."

"ಬ್ಯಾಡ," ಎಂದಳು ಶೀತಲ. "ಅಪ್ಪಾ ಆಫೀಸಿಗೆ ಹೋಗ್ಲಿ. ಅವ್ವಾ, ನೀ ಮೊಬೈಲನ್ಯಾಗ ಗೊರಕಿ ಅಷ್ಟ ತುಂಬಿ ಕೊಡು."