ಬ್ಯಾಕಣ್ಣನ ಪಕ್ಕದಲ್ಲಿ ನಿಂತವನ ಪಾಡು

ನ್ಯಾಯ ಕೇಳಲು ನಾನು ಎಲ್ಲಿ ಹೋದರೂ ಜನ ನನ್ನ ಪಕ್ಕದವನನ್ನೇ ನೋಡುತ್ತಾರೆ. ಎಂಬತ್ತರ ದಶಕದಲ್ಲಿ ಆ ಪಕ್ಕದವನು ಬ್ಯಾಕಣ್ಣ. ಕಲ್ಕತ್ತದಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿ, ಫುಲ್‌ಬ್ಯಾಕ್ ಆಗಿ ಗೋಲಿನ ಮುಂದೆ ಗೋಡೆಯಂತೆ ನಿಂತು, ಮೊಣಕಾಲು ಕೆಟ್ಟ ಮೇಲೆ ಚಿನ್ನದ ಗಣಿಯ ನಮ್ಮ ಕೋರಮಂಡಲ್‌ಗೆ ವಾಪಸಾದವನು. ಆಗ ಗಣಿ ಕೆಲಸಗಾರರಾದ ನಮ್ಮ ಸಾಲು ಸಾಲು ಲೈನ್‌ಮನೆಗಳಿಗಿದ್ದದ್ದು ಒಂದೇ ನಲ್ಲಿ. ಅದನ್ನೂ ಬಂದ್ ಮಾಡಿಸಿ ಗಣಿಯ ಸಾಹೇಬರು ಆ ನೀರನ್ನು ತಮ್ಮ ಬಂಗಲೆಯ ಗುಲಾಬಿ ಗಿಡಗಳಿಗೆ ತಿರುಗಿಸಿದ್ದರು. ನಮ್ಮ ಹೆಂಗಸರು ಮೈಲಿ ದೂರದಿಂದ ಕೊಡ ಹೊರುತ್ತಿದ್ದರು. ನಲ್ಲಿ ವಾಪಸ್ ಬರಲೇಬೇಕೆಂದು ನಾನು ಹಟ ತೊಟ್ಟೆ.

೧. ಸಭೆ

ಮೊದಲ ಸಭೆಗೆ ನಾಲ್ಕು ಜನ ಬಂದರು. ಅದರಲ್ಲೊಬ್ಬ ಮೈಕಿನವನು. ಎರಡನೇ ಸಭೆಯಲ್ಲಿ ಬ್ಯಾಕಣ್ಣನನ್ನು ಕುರ್ಚಿ ಹಾಕಿ ಕೂರಿಸಿದೆ. ಪಕ್ಕದ ಆಂಡರ್ಸನ್‌ಪೇಟೆಯೇ ಬಂದು ನಿಂತಿತು. ಒಂದು ಗಂಟೆ ಗುಡುಗಿ, ‘ಈಗ ನೀವು ಹೇಳಿ!’ ಎಂದೆ.

ಎಪ್ಪತ್ತು ದಾಟಿದ ತಾತ ಎದ್ದ. ‘ನೀನ್ ಕೂತ್ಕೊಳ್ಲಾ, ಸಾಕು. ಬ್ಯಾಕಣ್ಣಾ, ಆ ಕಲ್ಕತ್ತ ಫೈನಲ್‌ನಾಗೆ ಬಾಲು ಗೆರೆ ದಾಟಿತ್ತಾ, ಇಲ್ವಾ?’

‘ಇಲ್ಲ’ ಎಂದ ಬ್ಯಾಕಣ್ಣ.

ನನ್ನ ಒಂದು ಗಂಟೆಗೆ ಬೀಳದ ಚಪ್ಪಾಳೆ ಆ ಒಂದು ಮಾತಿಗೆ ಬಿತ್ತು.

೨. ಅರ್ಜಿ

ಸಾಹೇಬರಿಗೆ ಕೊಡಲು ಅರ್ಜಿ ಬರೆದೆ. ಸಹಿಗಾಗಿ ಇಪ್ಪತ್ತು ಹಾಳೆ ಹೊಲಿದು, ಜನಕ್ಕೆ ಧೈರ್ಯ ಬರಲೆಂದು ಪ್ರತಿ ಹಾಳೆಯ ಮೇಲೂ ಮೊದಲು ಬ್ಯಾಕಣ್ಣನ ಸಹಿ ಹಾಕಿಸಿ ಮನೆಮನೆಗೆ ಕಳಿಸಿದೆ. ಸಂಜೆ ವಾಪಸ್ ಬಂದದ್ದು ಬರೀ ದಾರ.

ಟೀ ಅಂಗಡಿಗೆ ಹೋದರೆ ಒಂದು ಹಾಳೆ ದೇವರ ಪಟದ ಪಕ್ಕ, ಗಾಜು ಹಾಕಿಸಿಕೊಂಡು ನೇತಾಡುತ್ತಿದೆ!

‘ಅದು ನೀರಿನ ಅರ್ಜಿ ಕಣಯ್ಯಾ!’

‘ಗೊತ್ತಣ್ಣಾ. ಅದುಕ್ಕೇ ನೀರು ಸೋರ್ದೇ ಇರೋ ಗೋಡೆಗೆ ಆಕಿವ್ನಿ.’

೩. ಜೀಪು

ಉಳಿದದ್ದು ರಸ್ತೆ ಒಂದೇ. ಬಂಗಾರಪೇಟೆಯಲ್ಲಿ ಮದರಾಸು ರೈಲು ಹಿಡಿಯಲು ಸಾಹೇಬರ ಜೀಪು ನಮ್ಮ ಲೈನಿನ ಮುಂದೆಯೇ ಹೋಗಬೇಕು. ಖಾಲಿ ಕೊಡ ಹಿಡಿದ ಹೆಂಗಸರೊಂದಿಗೆ ಅಡ್ಡ ನಿಂತೆವು. ಸಾಲಿನ ನಡುವೆ ಒಂದು ಸಂದು ಕಂಡು ಡ್ರೈವರ್ ಜೀಪು ತಿರುಗಿಸಿದ. ಆ ಸಂದಿಗೆ ಬ್ಯಾಕಣ್ಣ ಬಂದು ನಿಂತ, ಕೈ ಹಿಂದೆ ಕಟ್ಟಿಕೊಂಡು. ಜೀಪು ಎಡಕ್ಕೆ ಹೊರಳಿತು, ಅವನೂ ಎಡಕ್ಕೆ. ಜೀಪು ಬಲಕ್ಕೆ, ಅವನೂ ಕುಂಟುತ್ತಾ ಬಲಕ್ಕೆ. ಡ್ರೈವರ್ ಎಂಜಿನ್ ಆರಿಸಿ, ಇಳಿದು, ಅವನಿಗೆ ಕೈಮುಗಿದ.

‘ಏಯ್, ದಾಟಿಸಯ್ಯಾ ಗಾಡೀನ!’ ಎಂದರು ಸಾಹೇಬರು.

‘ಆಗಲ್ಲ ಸಾರ್. ಎಂತೆಂಥಾ ಫಾರ್ವರ್ಡ್‌ಗಳ ಕೈಲೇ ಆಗ್ಲಿಲ್ಲ. ಇದು ಹಳೇ ಡೀಸೆಲ್ ಗಾಡಿ.’

ಸಾಹೇಬರು ಗಡಿಯಾರ ನೋಡಿದರು, ಬ್ಯಾಕಣ್ಣನನ್ನು ನೋಡಿದರು. ಬಾನೆಟ್ಟಿನ ಮೇಲೇ ಆರ್ಡರ್ ಬರೆದರು. ಮಧ್ಯಾಹ್ನಕ್ಕೆ ನಲ್ಲಿಯಲ್ಲಿ ನೀರು ಧೋ ಎಂದು ಸುರಿಯಿತು. ಲೈನಿಗೆ ಲೈನೇ ಬ್ಯಾಕಣ್ಣನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು.

ಫೋಟೊ ತೆಗೆಯಲು ಬಂದ ಪೇಪರಿನವನು ನನಗೆ ಕೈ ಬೀಸಿದ. ‘ಯಾರ್ರೀ ಅದು? ಸ್ವಲ್ಪ ಪಕ್ಕಕ್ಕೆ ಬನ್ನಿ, ನಲ್ಲಿ ಮರೆಯಾಗ್ತದೆ.’

ಸರಿದೆ. ಲಾಠಿಗೂ ಸರಿಯದ ನಾನು ಜೀವಮಾನದಲ್ಲಿ ಇನ್ನೊಬ್ಬರ ಮಾತಿಗೆ ಸರಿದದ್ದು ಅದೊಂದೇ ಸಲ.